ಆರ್ಗ್ಯಾನಿಕ್ ಕೆಮಿಸ್ಟ್ರಿ ಇಷ್ಟ ಅಂದರೆ ಬಿ.ಎಸ್ಸಿ ಸೇರಬೇಕಾ, ಬಿ.ಫಾರ್ಮ ಸೇರಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳಿಗೊಂದು ಹೋಲಿಕೆ

ಸೆಕೆಂಡ್ ಪಿಯುಸಿ ಮುಗಿಸಿ "ನನಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಇಷ್ಟ" ಅನ್ನುವ ಮಕ್ಕಳಲ್ಲಿ ಎರಡು ಬಗೆ. ಒಬ್ಬರಿಗೆ ಹಾಳೆಯ ಮೇಲೆ ಬಾಣದ ಗುರುತು ಹಾಕುತ್ತಾ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸುವುದು ಖುಷಿ. ಇನ್ನೊಬ್ಬರಿಗೆ ಲ್ಯಾಬ್‌ನಲ್ಲಿ ನಿಂತು, ಎರಡು ದ್ರವ ಸೇರಿಸಿ, ಬಿಳಿ ಹರಳು ಬೀಳುವುದನ್ನು ನೋಡುವುದು ಖುಷಿ. ಮೊದಲನೆಯವರಿಗೆ ಯಾವ ಕೋರ್ಸ್ ಆದರೂ ಹೇಗೋ ನಡೆಯುತ್ತದೆ. ಒಂದು ಒಳ್ಳೆ ಪುಸ್ತಕ, ಒಬ್ಬರು ಒಳ್ಳೆ ಮೇಷ್ಟ್ರು ಸಿಕ್ಕರೆ ಸಾಕು. ಎರಡನೆಯವರು ಮಾತ್ರ ಕೋರ್ಸ್‌ನ ಜೊತೆಗೆ ಕಾಲೇಜನ್ನೂ ಒಳಹೊಕ್ಕು ನೋಡಿ ಆರಿಸಬೇಕು. ಇಲ್ಲಿ ಬರೆದದ್ದು ಹೆಚ್ಚಾಗಿ ಅವರಿಗೆ.

ಪಿಯುವಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ಅಂದರೆ ಸಾಲ್ಟ್ ಅನಾಲಿಸಿಸ್ ಮತ್ತು ಟೈಟ್ರೇಷನ್. ಆರ್ಗ್ಯಾನಿಕ್ ಅಂತ ಮಾಡಿದ್ದು ಫಂಕ್ಷನಲ್ ಗ್ರೂಪ್ ಗುರುತಿಸುವ ಒಂದೆರಡು ಟೆಸ್ಟ್, ಅಷ್ಟೇ. ಸಿಇಟಿ, ನೀಟ್ ಗಡಿಬಿಡಿಯಲ್ಲಿ ಅದನ್ನೂ ಹಾರಿಸಿದ ಕಾಲೇಜುಗಳಿವೆ. ಹಾಗಾಗಿ ಪಿಯು ಅನುಭವದ ಮೇಲೆ ಮುಂದಿನ ಮೂರ್ನಾಲ್ಕು ವರ್ಷವನ್ನು ಅಳೆಯಲು ಹೋಗಬೇಡಿ.

ಕೋರ್ಸ್‌ಗಳನ್ನು ಹೋಲಿಸಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಡಿಗ್ರಿ ಮುಗಿಯುವ ಹೊತ್ತಿಗೆ ಎಷ್ಟು ಸೆಮಿಸ್ಟರ್, ವಾರಕ್ಕೆ ಎಷ್ಟು ಗಂಟೆ, ಆರ್ಗ್ಯಾನಿಕ್ ಲ್ಯಾಬ್‌ನ ಗಾಜಿನ ಸಾಮಾನು ನಿಮ್ಮ ಸ್ವಂತ ಕೈಯಲ್ಲಿ ಇರುತ್ತದೆ? ನಾಲ್ಕು ಜನರ ಬ್ಯಾಚ್‌ನಲ್ಲಿ ಒಬ್ಬ ಮಾಡಿ, ಮೂವರು ರೆಕಾರ್ಡ್ ಬರೆಯುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಿ.ಎಸ್ಸಿ

ನಮ್ಮ ಕಡೆ ಮೊದಲು ಕಣ್ಣಿಗೆ ಬೀಳುವುದು ಬಿ.ಎಸ್ಸಿ. ಫೀಸ್ ಕಡಿಮೆ, ಸಿಇಟಿ ರ‍್ಯಾಂಕ್ ಬೇಕಿಲ್ಲ, ಮನೆಗೆ ಹತ್ತಿರ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಆದರೆ ಎಲ್ಲ ಕಡೆ ಬಿ.ಎಸ್ಸಿ ಇರುವುದಿಲ್ಲ. ಇದ್ದರೂ ನಿಮಗೆ ಬೇಕಾದ ಕಾಂಬಿನೇಷನ್ ಇರಬೇಕಲ್ವಾ? ಜಿಲ್ಲಾ ಕೇಂದ್ರಕ್ಕೆ ಬಂದರೆ ಬಳ್ಳಾರಿಯ ವೀರಶೈವ ಕಾಲೇಜು, ರಾಯಚೂರಿನ ಎಲ್‌ವಿಡಿ ಕಾಲೇಜು, ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜು, ಜೊತೆಗೆ ಸರ್ಕಾರಿ ಕಾಲೇಜುಗಳು. ಇವುಗಳಲ್ಲಿ ಯಾರ ಲ್ಯಾಬ್ ಮೇಲು ಅಂತ ನಾನು ಬರೆಯುವುದಿಲ್ಲ. ಲ್ಯಾಬ್ ನೋಡಿಕೊಳ್ಳುವವರು ಬದಲಾದರೆ ಎರಡೇ ವರ್ಷದಲ್ಲಿ ಅದರ ಕಥೆಯೇ ಬದಲಾಗುತ್ತದೆ. ಹೋಗಿ ನೋಡಬೇಕು. ಹೇಗೆ ನೋಡಬೇಕು ಅಂತ ಆಮೇಲೆ ಹೇಳುತ್ತೇನೆ.

2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿತು. ಈಗ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್, ಮೂರು ಮುಖ್ಯ ವಿಷಯ. ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಮೂರು ವಿಷಯದಲ್ಲಿ ಕೆಮಿಸ್ಟ್ರಿ ಒಂದು. ಆ ಕೆಮಿಸ್ಟ್ರಿಯಲ್ಲಿ ಮತ್ತೆ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಅಂತ ಮೂರು ಪಾಲು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಸಾಮಾನ್ಯವಾಗಿ ವಾರಕ್ಕೊಂದು ಮಧ್ಯಾಹ್ನ, ನಾಲ್ಕು ಗಂಟೆ. ಆರೂ ಸೆಮಿಸ್ಟರ್‌ನಲ್ಲಿ ಆರ್ಗ್ಯಾನಿಕ್ ಪ್ರಾಕ್ಟಿಕಲ್ ಇರುತ್ತದೆ ಅಂದುಕೊಂಡರೆ ತಪ್ಪು. ಒಂದು ಸೆಮಿಸ್ಟರ್ ಪೂರ್ತಿ ಟೈಟ್ರೇಷನ್‌ನಲ್ಲೇ ಕಳೆಯಬಹುದು, ಇನ್ನೊಂದು ಕಂಡಕ್ಟಿವಿಟಿ ಮೀಟರ್ ಮುಂದೆ.

ಯಾವ ಸೆಮಿಸ್ಟರ್‌ನಲ್ಲಿ ಏನಿದೆ ಅನ್ನುವುದು ವಿಶ್ವವಿದ್ಯಾಲಯಕ್ಕೆ ತಕ್ಕ ಹಾಗೆ ಬೇರೆ. ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ. ಕೊಪ್ಪಳದ ಕಾಲೇಜುಗಳೂ ಮೊದಲು ಅದರ ಅಡಿಯಲ್ಲೇ ಇದ್ದವು, ಆಮೇಲೆ ಕೊಪ್ಪಳಕ್ಕೆ ತನ್ನದೇ ವಿವಿ ಬಂತು. ರಾಯಚೂರು ಹಿಂದೆ ಗುಲ್ಬರ್ಗಾ ವಿವಿಯಲ್ಲಿತ್ತು, 2021ರಲ್ಲಿ ಬೇರೆಯಾಯಿತು. ಅಂದರೆ ಪಕ್ಕಪಕ್ಕದ ಊರಿನ ಇಬ್ಬರು ಗೆಳೆಯರು ಒಂದೇ ಬಿ.ಎಸ್ಸಿ ಓದುತ್ತಿದ್ದರೂ ಪ್ರಾಕ್ಟಿಕಲ್ ಪಟ್ಟಿ ಬೇರೆ ಇರಬಹುದು. ವಿವಿಯ ಸಿಲಬಸ್ ಪಿಡಿಎಫ್ ತೆಗೆದು ಪ್ರಾಕ್ಟಿಕಲ್ ಪುಟಗಳನ್ನು ಮಾತ್ರ ನೋಡಿ. ಥಿಯರಿ ಪುಟಗಳು ಎಲ್ಲ ಕಡೆ ಒಂದೇ ತರಹ ಭರ್ಜರಿಯಾಗಿರುತ್ತವೆ.

ಪಟ್ಟಿಯಲ್ಲಿ ಎರಡು ತರಹದ ಕೆಲಸ ಹುಡುಕಿ. ಒಂದು, ಗೊತ್ತಿಲ್ಲದ ವಸ್ತುವನ್ನು ಕೊಟ್ಟು ಇದು ಏನು ಅಂತ ಕಂಡುಹಿಡಿಯುವುದು. ಇದರಲ್ಲಿ ಲಾಸೇನ್ ಟೆಸ್ಟ್ ಬರುತ್ತದೆ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂನಿಂದ ಒಂದು ಸಣ್ಣ ಚೂರು ಕತ್ತರಿಸಿ, ಫಿಲ್ಟರ್ ಪೇಪರ್‌ನಲ್ಲಿ ಒತ್ತಿ ಎಣ್ಣೆ ತೆಗೆದು, ಇಗ್ನಿಷನ್ ಟ್ಯೂಬ್‌ಗೆ ಹಾಕಿ ಕರಗಿಸುತ್ತೀರಿ. ಅದರ ಮೇಲೆ ವಸ್ತು ಹಾಕಿ, ಟ್ಯೂಬ್ ಕೆಂಪಗಾಗುವವರೆಗೆ ಕಾಯಿಸಿ, ಪಿಂಗಾಣಿ ಬಟ್ಟಲಿನ ಡಿಸ್ಟಿಲ್ಡ್ ವಾಟರ್‌ಗೆ ಅದ್ದಿದರೆ ಗಾಜು ಚಟಾರನೆ ಒಡೆಯುತ್ತದೆ. ಅದನ್ನು ಕುದಿಸಿ, ಸೋಸಿ, ಫೆರಸ್ ಸಲ್ಫೇಟ್ ಹಾಕಿ ಮತ್ತೆ ಕುದಿಸಿ, ಸಲ್ಫ್ಯೂರಿಕ್ ಆಸಿಡ್ ಹಾಕಿದಾಗ ಕಡು ನೀಲಿ ಬಂದರೆ ವಸ್ತುವಿನಲ್ಲಿ ನೈಟ್ರೋಜನ್ ಇದೆ. ಮೊದಲ ಸಲ ಆ ನೀಲಿ ಬಂದಾಗ ಮಕ್ಕಳ ಮುಖ ನೋಡಬೇಕು.

ಎರಡು, ಒಂದು ವಸ್ತುವಿನಿಂದ ಇನ್ನೊಂದನ್ನು ತಯಾರಿಸುವುದು. ಎಲ್ಲ ಕಡೆ ಇರುವ ಉದಾಹರಣೆ ಅಸೆಟಾನಿಲೈಡ್. ಅನಿಲಿನ್‌ಗೆ ಅಸೆಟಿಕ್ ಅನ್‌ಹೈಡ್ರೈಡ್ ಸೇರಿಸಿ, ಕಾಯಿಸಿ, ಐಸ್ ನೀರಿಗೆ ಸುರಿದರೆ ಬಿಳಿ ಪುಡಿ ಬೀಳುತ್ತದೆ. 5 ಗ್ರಾಂ ಅನಿಲಿನ್‌ಗೆ ಲೆಕ್ಕದ ಪ್ರಕಾರ ಸುಮಾರು 7.25 ಗ್ರಾಂ ಬರಬೇಕು. ಯಾರಿಗೂ ಅಷ್ಟು ಬರುವುದಿಲ್ಲ. ಅಸಲಿ ಪಾಠ ಇರುವುದು ಆಮೇಲೆ. ಆ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಸಿಬಿಸಿಯಾಗೇ ಸೋಸಿ, ಅಲುಗಾಡಿಸದೆ ತಣಿಯಲು ಬಿಟ್ಟರೆ ಮಿಂಚುವ ಹರಳಾಗುತ್ತದೆ. ಚೆನ್ನಾಗಿ ಒಣಗಿಸಿ, ಕ್ಯಾಪಿಲರಿಯಲ್ಲಿ ತುಂಬಿ ಮೆಲ್ಟಿಂಗ್ ಪಾಯಿಂಟ್ ನೋಡಿದರೆ 114 ಡಿಗ್ರಿ ಹತ್ತಿರ ಥಟ್ಟನೆ ಕರಗಬೇಕು. 108ಕ್ಕೆ ಶುರುವಾಗಿ 112ರವರೆಗೆ ಎಳೆದಾಡಿದರೆ ನಿಮ್ಮ ಮಾಲು ಇನ್ನೂ ಶುದ್ಧವಾಗಿಲ್ಲ ಅಂತ ಅರ್ಥ. ಮತ್ತೆ ಕರಗಿಸಿ, ಮತ್ತೆ ಸೋಸಿ. ಈ "ಮತ್ತೆ"ಗೆ ಟೈಮ್ ಕೊಡುವ ಕಾಲೇಜು ಸಿಕ್ಕರೆ ಬಿಡಬೇಡಿ. ಬಹಳ ಕಡೆ ಪುಡಿ ಬಿದ್ದ ಕೂಡಲೇ ತೂಕ ಬರೆದು, ಮೆಲ್ಟಿಂಗ್ ಪಾಯಿಂಟ್ ಜಾಗದಲ್ಲಿ ಪುಸ್ತಕದ ಸಂಖ್ಯೆ ಬರೆದು ಮನೆಗೆ ಹೊರಡುತ್ತಾರೆ.

ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ತೆಗೆದುಕೊಳ್ಳಬೇಕಾ, ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ತೆಗೆದುಕೊಳ್ಳಬೇಕಾ? ಆರ್ಗ್ಯಾನಿಕ್ ಮಟ್ಟಿಗೆ ವ್ಯತ್ಯಾಸ ಇಲ್ಲ, ಕೆಮಿಸ್ಟ್ರಿ ಪೇಪರ್ ಎರಡಕ್ಕೂ ಒಂದೇ. ವ್ಯತ್ಯಾಸ ಬರುವುದು ಮುಂದೆ. ಮೇಷ್ಟ್ರ ಕೆಲಸದ ನೇಮಕಾತಿಯಲ್ಲಿ ಕಾಂಬಿನೇಷನ್ ಕೇಳುತ್ತಾರೆ. ಎಂ.ಎಸ್ಸಿಗೆ ಐಐಟಿಗಳ ಜಾಮ್ ಪರೀಕ್ಷೆ ಬರೆಯುವವರಿಗೆ ಗಣಿತದ ರೂಢಿ ಇದ್ದರೆ ಫಿಸಿಕಲ್ ಕೆಮಿಸ್ಟ್ರಿ ಭಾಗದಲ್ಲಿ ಅನುಕೂಲ. ಗಣಿತ ಕಂಡರೆ ಆಗದವರು ಸುಮ್ನೆ ಪಿಸಿಎಂ ತೆಗೆದುಕೊಂಡು ಮೂರು ವರ್ಷ ಒದ್ದಾಡಬೇಡಿ.

ಬಿ.ಫಾರ್ಮ

ಇದು ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಸಿಇಟಿ ರ‍್ಯಾಂಕ್ ಮೂಲಕ ಸೀಟ್. ಪಿಯುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಗಣಿತ ಇದ್ದರೂ ಸರಿ, ಬಯಾಲಜಿ ಇದ್ದರೂ ಸರಿ. ಬಳ್ಳಾರಿಯಲ್ಲಿ ಟಿವಿಎಂ ಫಾರ್ಮಸಿ ಕಾಲೇಜು, ರಾಯಚೂರಿನಲ್ಲಿ ವಿ.ಎಲ್. ಫಾರ್ಮಸಿ ಕಾಲೇಜು ಹಳೆಯವು. ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿವಿ, ಸಿಲಬಸ್ ಮಾತ್ರ ದೇಶಕ್ಕೆಲ್ಲ ಒಂದೇ, ಫಾರ್ಮಸಿ ಕೌನ್ಸಿಲ್‌ನದು. ಹೋಲಿಸುವವರಿಗೆ ಇದು ದೊಡ್ಡ ಅನುಕೂಲ. ಯಾವ ಊರಿನಲ್ಲಿ ಸೇರಿದರೂ ಯಾವ ಸೆಮಿಸ್ಟರ್‌ನಲ್ಲಿ ಯಾವ ಪ್ರಾಕ್ಟಿಕಲ್ ಅಂತ ಮೊದಲೇ ಗೊತ್ತಾಗುತ್ತದೆ.

ಈಗ ಅದೇ ಅಳತೆ ಹಿಡಿಯೋಣ. ಫಾರ್ಮಸ್ಯೂಟಿಕಲ್ ಆರ್ಗ್ಯಾನಿಕ್ ಕೆಮಿಸ್ಟ್ರಿ 2, 3 ಮತ್ತು 4ನೇ ಸೆಮಿಸ್ಟರ್‌ಗಳಲ್ಲಿದೆ. ಮೆಡಿಸಿನಲ್ ಕೆಮಿಸ್ಟ್ರಿ 4, 5, 6ರಲ್ಲಿ. ಹೆಸರು ಬೇರೆಯಾದರೂ ಮೆಡಿಸಿನಲ್ ಕೆಮಿಸ್ಟ್ರಿ ಲ್ಯಾಬ್ ಅರ್ಧ ಆರ್ಗ್ಯಾನಿಕ್ ಲ್ಯಾಬ್ ತಾನೇ. ಆದರೆ ಒಂದು ವಿಷಯ ಯಾರೂ ಹೇಳುವುದಿಲ್ಲ: ಎಲ್ಲ ಪೇಪರ್‌ಗೂ ಪ್ರಾಕ್ಟಿಕಲ್ ಇಲ್ಲ. ಮೂರನೇ ಆರ್ಗ್ಯಾನಿಕ್ ಪೇಪರ್ ಮತ್ತು ಎರಡನೇ ಮೆಡಿಸಿನಲ್ ಪೇಪರ್ ಬರೀ ಥಿಯರಿ. ಉಳಿದ ನಾಲ್ಕಕ್ಕೆ ವಾರಕ್ಕೆ 4 ಗಂಟೆ ಲ್ಯಾಬ್. ಅಂದರೆ 2, 3, 4, 6, ಒಟ್ಟು ನಾಲ್ಕು ಸೆಮಿಸ್ಟರ್ ಆರ್ಗ್ಯಾನಿಕ್ ಕೆಲಸ. ಸಾಮಾನ್ಯ ಬಿ.ಎಸ್ಸಿಗಿಂತ ಇದು ಜಾಸ್ತಿ. ಗಂಟೆಗಳ ಲೆಕ್ಕದಲ್ಲಿ ಬಿ.ಫಾರ್ಮ ಗೆಲ್ಲುತ್ತದೆ ಅಂತ ಹೇಳಿದರೆ ಬಿ.ಎಸ್ಸಿ ಮೇಷ್ಟ್ರುಗಳಿಗೆ ಸಿಟ್ಟು ಬರಬಹುದು, ಆದರೆ ಲೆಕ್ಕ ಹಾಗೇ ಇದೆ.

ಕೆಲಸವೂ ಗಟ್ಟಿ. ಎರಡನೇ ಸೆಮಿಸ್ಟರ್‌ನಲ್ಲಿ ಅದೇ ಲಾಸೇನ್ ಟೆಸ್ಟ್, ಅದೇ ಗೊತ್ತಿಲ್ಲದ ವಸ್ತು. ಮೂರನೆಯದರಲ್ಲಿ ಸ್ಟೀಮ್ ಡಿಸ್ಟಿಲೇಷನ್, ಬೆನ್ಜಾನಿಲೈಡ್, ಟ್ರೈಬ್ರೋಮೋಅನಿಲಿನ್, ಡೈಬೆನ್ಜಾಲ್ ಅಸಿಟೋನ್ ಇತ್ಯಾದಿ ತಯಾರಿಕೆ. ಜೊತೆಗೆ ಎಣ್ಣೆಗಳ ಆಸಿಡ್ ವ್ಯಾಲ್ಯೂ, ಅಯೋಡಿನ್ ವ್ಯಾಲ್ಯೂ, ಸಪೋನಿಫಿಕೇಷನ್ ವ್ಯಾಲ್ಯೂ. ಈ ಎಣ್ಣೆ ಪರೀಕ್ಷೆಗಳು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಪಾಠ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳಿಂದ ಬರುವ ತೌಡಿನ ಎಣ್ಣೆ ತೆಗೆಯುವುದು ಹೆಕ್ಸೇನ್ ಹಾಕಿ. ತೌಡು ಹಳೆಯದಾದಷ್ಟೂ ಎಣ್ಣೆಯ ಆಸಿಡ್ ವ್ಯಾಲ್ಯೂ, ಅಂದರೆ ಅದರಲ್ಲಿ ಬಿಡಿಯಾಗಿರುವ ಆಸಿಡ್‌ನ ಅಳತೆ, ಏರುತ್ತದೆ, ರೇಟ್ ಇಳಿಯುತ್ತದೆ. ಮೆಡಿಸಿನಲ್ ಕೆಮಿಸ್ಟ್ರಿಗೆ ಬಂದರೆ ಬೆನ್ಜೋಕೇನ್, ಫೆನಿಟಾಯಿನ್ ತರಹದ ನಿಜವಾದ ಔಷಧಿಗಳನ್ನೇ ಮಾಡಿಸುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್ ಎಷ್ಟು ಶುದ್ಧ ಅಂತ ಅಳೆಯುವುದೂ ಇದೆ. ಏಳನೇ ಸೆಮಿಸ್ಟರ್‌ನಲ್ಲಿ ಉಪಕರಣಗಳ ಪೇಪರ್ ಇದೆ, ಅದಕ್ಕೆ ಲ್ಯಾಬ್ ಕೂಡ ಇದೆ.

ತೊಂದರೆ ಏನು ಅಂದರೆ, ಬರೀ ಕೆಮಿಸ್ಟ್ರಿ ಓದಲು ಬಂದವರು ಇಲ್ಲಿ ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಫಾರ್ಮಕಾಲಜಿ, ಅನಾಟಮಿ, ಬೇರು-ತೊಗಟೆ ಗುರುತಿಸುವ ಫಾರ್ಮಕಾಗ್ನೊಸಿ, ಮಾತ್ರೆ ಒತ್ತುವ ಫಾರ್ಮಸ್ಯೂಟಿಕ್ಸ್ ಎಲ್ಲ ಓದಬೇಕು. ನೆನಪಿನ ಕೆಲಸ ಜಾಸ್ತಿ. ಹಾಜರಾತಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ ಶೇ 80 ಬೇಕು, ಹಾಗಾಗಿ ಸುಗ್ಗಿ ಕಾಲದಲ್ಲಿ ಹದಿನೈದು ದಿನ ಹೊಲಕ್ಕೆ ಹೋಗುವ ಮನೆಯವರು ಮೊದಲೇ ಮಾತಾಡಿಕೊಳ್ಳಿ. ಫೀಸ್ ಕೂಡ ಸರ್ಕಾರಿ ಬಿ.ಎಸ್ಸಿಗಿಂತ ಎಷ್ಟೋ ಪಟ್ಟು. ಸಿಇಟಿ ಸೀಟ್ ಸಿಗದೆ ಮ್ಯಾನೇಜ್‌ಮೆಂಟ್ ಸೀಟ್‌ಗೆ ಹೋಗುವ ಹಾಗಿದ್ದರೆ, ಬರೀ ಆರ್ಗ್ಯಾನಿಕ್ ಮೇಲಿನ ಆಸೆಗೆ ಸಾಲ ಮಾಡಿ ಸೇರಿ ಅಂತ ನಾನು ಹೇಳುವುದಿಲ್ಲ.

ಎರಡು ವರ್ಷದ ಡಿ.ಫಾರ್ಮ ಮಾಡಿ ಆಮೇಲೆ ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ಮೆಡಿಕಲ್ ಶಾಪ್ ಇಡುವವರಿಗೆ ಸರಿ. ಆದರೆ ಆರ್ಗ್ಯಾನಿಕ್‌ನ ಮೊದಲ ಪೇಪರ್ ಇರುವುದೇ ಎರಡನೇ ಸೆಮಿಸ್ಟರ್‌ನಲ್ಲಿ. ನೇರ ಮೂರನೇ ಸೆಮಿಸ್ಟರ್‌ಗೆ ಬಂದವರು ಬುಡ ಇಲ್ಲದೆ ಮರ ಹತ್ತಿದ ಹಾಗೆ ತಡಬಡಾಯಿಸುತ್ತಾರೆ.

ಉಳಿದ ದಾರಿಗಳು

ಕೆಮಿಕಲ್ ಎಂಜಿನಿಯರಿಂಗ್ ಹೆಸರು ಕೇಳಿ ಮೋಸ ಹೋಗಬೇಡಿ. ಅಲ್ಲಿ ಆರ್ಗ್ಯಾನಿಕ್ ಬಹಳ ಸ್ವಲ್ಪ. ಪೈಪ್‌ನಲ್ಲಿ ದ್ರವ ಹರಿಯುವುದು, ಶಾಖ ದಾಟುವುದು, ಡಿಸ್ಟಿಲೇಷನ್ ಕಾಲಮ್ ಎಷ್ಟು ಎತ್ತರ ಇರಬೇಕು, ಇಂಥ ಲೆಕ್ಕವೇ ಹೆಚ್ಚು. ಗಣಿತ, ಫಿಸಿಕ್ಸ್ ಇಷ್ಟ ಇರುವವರಿಗೆ ಒಳ್ಳೆ ಕೋರ್ಸ್. ಅದಕ್ಕೆ ಬೆಂಗಳೂರಿನ ಆರ್‌.ವಿ., ಬಿ.ಎಂ.ಎಸ್., ತುಮಕೂರಿನ ಎಸ್‌ಐಟಿ ಕಡೆ ಹೋಗಬೇಕು.

ರಾಯಚೂರಿನ ಕೃಷಿ ವಿವಿಯ ಬಿ.ಎಸ್ಸಿ ಅಗ್ರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ. ಆದರೆ ಅದು ಮಣ್ಣು, ಬೆಳೆ, ಕೀಟದ ಕೋರ್ಸ್. ಆರ್ಗ್ಯಾನಿಕ್ ಕೆಮಿಸ್ಟ್ರಿಗಾಗಿ ಅಲ್ಲಿ ಹೋಗುವುದಲ್ಲ.

ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಐಎಸ್‌ಇಆರ್‌ಗಳ ಐದು ವರ್ಷದ ಬಿಎಸ್-ಎಂಎಸ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್, ಇವು ಬೇರೆಯೇ ದರ್ಜೆ. ಲ್ಯಾಬ್ ಮಟ್ಟಿಗೆ ನಾನು ಮೇಲೆ ಹೇಳಿದ ಯಾವುದೂ ಇವುಗಳ ಹತ್ತಿರ ಬರುವುದಿಲ್ಲ. ನಮಗೆ ಹತ್ತಿರದ ಐಐಎಸ್‌ಇಆರ್ ತಿರುಪತಿ. ಪ್ರವೇಶಕ್ಕೆ ಐಎಟಿ ಅನ್ನುವ ಪರೀಕ್ಷೆ ಇದೆ, ಸಿಇಟಿ ಬರೆದರೆ ಆಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಆ ಅರ್ಜಿಯ ಸುದ್ದಿ ಮುಟ್ಟುವುದು ಕೊನೆಯ ದಿನಾಂಕ ಮುಗಿದ ಮೇಲೆ. ಫಸ್ಟ್ ಪಿಯುವಿನಲ್ಲಿ ತಮ್ಮನೋ ತಂಗಿಯೋ ಇದ್ದರೆ ಈಗಲೇ ಹೇಳಿಡಿ. ಹಾಗೆಯೇ ಬೋರ್ಡಿನಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್, ವರ್ಷಕ್ಕೆ 80,000 ರೂಪಾಯಿ. ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಬಿ.ಎಸ್ಸಿ ಮಾಡುವವರೂ ಅರ್ಜಿ ಹಾಕಬಹುದು. ಬಿ.ಫಾರ್ಮ, ಎಂಜಿನಿಯರಿಂಗ್‌ಗೆ ಇದು ಸಿಗುವುದಿಲ್ಲ. ಅಷ್ಟು ಅಂಕ ಬಂದಿದ್ದರೆ ಬಿ.ಎಸ್ಸಿ ಕಡೆ ತಕ್ಕಡಿ ಸ್ವಲ್ಪ ವಾಲುತ್ತದೆ.

ಲ್ಯಾಬ್ ನೋಡಲು ಹೋದಾಗ

ಕೋರ್ಸ್ ಯಾವುದೇ ಇರಲಿ, ಸೇರುವ ಮೊದಲು ಒಂದು ಸಲ ಲ್ಯಾಬ್ ನೋಡಿ ಬನ್ನಿ. ಅಡ್ಮಿಷನ್ ಕೌಂಟರ್‌ನವರು ಕಂಪ್ಯೂಟರ್ ಲ್ಯಾಬ್, ಸೆಮಿನಾರ್ ಹಾಲ್ ತೋರಿಸುತ್ತಾರೆ. "ಕೆಮಿಸ್ಟ್ರಿ ಲ್ಯಾಬ್ ನೋಡಬೇಕು ಸರ್" ಅಂತ ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ಹಳೆ ಬ್ಯಾಚ್‌ನ ಪ್ರಾಕ್ಟಿಕಲ್ ನಡೆಯುವ ಮಧ್ಯಾಹ್ನವೇ ಹೋಗಿ.

ಮೊದಲು ರಿಯೇಜೆಂಟ್ ಬಾಟಲಿಗಳನ್ನು ನೋಡಿ. ಲೇಬಲ್ ಓದಲು ಬರುತ್ತದೆಯೇ? 2,4-ಡಿಎನ್‌ಪಿ, ಶಿಫ್ಸ್ ರಿಯೇಜೆಂಟ್ ಬಾಟಲಿಯ ಮೇಲೆ ಮಾಡಿಟ್ಟ ತಾರೀಖು ಇದೆಯೇ? ಟಾಲೆನ್ಸ್ ರಿಯೇಜೆಂಟ್ ಅಂತೂ ಆಗಲೇ ಮಾಡಿ ಆಗಲೇ ಬಳಸುವಂಥದ್ದು. ಹಳೆಯದು ಇಟ್ಟರೆ ಸಿಡಿಯುವ ಅಪಾಯ ಇದೆ. ಅದನ್ನು ಬಾಟಲಿಯಲ್ಲಿ ತುಂಬಿ ಶೆಲ್ಫ್ ಮೇಲೆ ಇಟ್ಟ ಲ್ಯಾಬ್ ಕಂಡರೆ ಅಲ್ಲಿ ಕೆಲಸ ಗೊತ್ತಿರುವವರಿಲ್ಲ ಅಂತ ತಿಳಿಯಿರಿ.

ಆಮೇಲೆ ಫ್ಯೂಮ್ ಹುಡ್, ಅಂದರೆ ಹೊಗೆಯನ್ನು ಹೊರಗೆ ಎಳೆಯುವ ಗಾಜಿನ ಗೂಡು. ಬಹಳ ಕಡೆ ಇರುತ್ತದೆ, ಒಳಗೆ ಹಳೆ ರೆಕಾರ್ಡ್ ಬುಕ್ಕು, ಒಡೆದ ಬ್ಯೂರೆಟ್ ತುಂಬಿರುತ್ತಾರೆ. ಸ್ವಿಚ್ ಹಾಕಿ ತೋರಿಸಿ ಅನ್ನಿ. ಕೇಳಲು ನಾಚಿಕೆ ಬೇಡ, ಬ್ರೋಮಿನ್ ಹೊಗೆ ಕುಡಿಯುವುದು ನಿಮ್ಮ ಶ್ವಾಸಕೋಶ. ಸಿಂಕ್ ನೋಡಿ. ಒಣಗಿ ಜೇಡ ಕಟ್ಟಿದ್ದರೆ ವರ್ಷಕ್ಕೆ ಎಷ್ಟು ದಿನ ಲ್ಯಾಬ್ ನಡೆಯುತ್ತದೆ ಅಂತ ಯಾರನ್ನೂ ಕೇಳಬೇಕಿಲ್ಲ.

ನಮ್ಮ ಬಿಸಿಲಿನ ಪ್ರಶ್ನೆ ಬೇರೆ ಇದೆ. ಇದು ಬೆಂಗಳೂರಿನ ಮೇಷ್ಟ್ರುಗಳು ಬರೆದ ಲ್ಯಾಬ್ ಪುಸ್ತಕಗಳಲ್ಲಿ ಇರುವುದಿಲ್ಲ. ಈಥರ್ ಕುದಿಯುವುದು 34.6 ಡಿಗ್ರಿಗೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ 40 ದಾಟುತ್ತದೆ. ಅಂದರೆ ಬೇಸಿಗೆಯಲ್ಲಿ ಈಥರ್ ಬಾಟಲಿಯ ಮುಚ್ಚಳ ತೆಗೆಯುವಾಗಲೇ ಒತ್ತಡ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೇ ಹರಿದುಕೊಂಡು ಹೋಗಿ ಅತ್ತ ಕಡೆ ಉರಿಯುವ ಬರ್ನರ್ ಮುಟ್ಟಿದರೆ ಬೆಂಕಿ ಹಿಂದಕ್ಕೆ ಓಡಿ ಬರುತ್ತದೆ. ಈಥರ್ ಎಲ್ಲಿಡುತ್ತೀರಿ ಅಂತ ಕೇಳಿ. ಗೊತ್ತಿರುವವರು ಕೂಡಲೇ ಉತ್ತರ ಕೊಡುತ್ತಾರೆ: ತಂಪಾದ ಕೋಣೆ, ಕಿಡಿ ಹಾರದ ಫ್ರಿಜ್, ಅಥವಾ ಬೇಸಿಗೆಯಲ್ಲಿ ಈಥರ್ ಮುಟ್ಟುವುದೇ ಇಲ್ಲ, ಬದಲಿಗೆ 77 ಡಿಗ್ರಿಗೆ ಕುದಿಯುವ ಈಥೈಲ್ ಅಸಿಟೇಟ್ ಬಳಸುತ್ತೇವೆ ಅಂತ. ಮೂರೂ ಒಳ್ಳೆ ಉತ್ತರ.

ಐಸ್ ಕೂಡ ಹಾಗೇ. ಅಜೋ ಡೈ ಮಾಡಲು ಡಯಾಜೊಟೈಸೇಷನ್ 0ಯಿಂದ 5 ಡಿಗ್ರಿಯೊಳಗೆ ನಡೆಯಬೇಕು. ಬಿಸಿಯಾದರೆ ಡಯಾಜೋನಿಯಂ ಉಪ್ಪು ಒಡೆದು ನೈಟ್ರೋಜನ್ ಬುಳುಬುಳು ಹೋಗಿಬಿಡುತ್ತದೆ, ಕೆಂಪು ಬಣ್ಣದ ಬದಲು ಕಂದು ರಾಡಿ ಉಳಿಯುತ್ತದೆ. ಐಸ್ ಮಷಿನ್ ಇಲ್ಲದ ಕಾಲೇಜು ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಬೇಕು, ಅದಕ್ಕೆ ಅಟೆಂಡರ್ ಕೈಗೆ ದುಡ್ಡು ಕೊಡುವವರು ಬೇಕು. ಕಂಡೆನ್ಸರ್‌ಗೆ ನೀರು ನಿರಂತರ ಹರಿಯಬೇಕು. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬಕೆಟ್‌ನಲ್ಲಿ ಐಸ್ ನೀರು ಹಾಕಿ, ಏರ್ ಕೂಲರ್‌ನ ಪುಟ್ಟ ಪಂಪ್ ಇಟ್ಟು ಅದೇ ನೀರನ್ನು ತಿರುಗಿಸುವವರಿದ್ದಾರೆ. ಬಕೆಟ್ ಮತ್ತು ಕೂಲರ್ ಪಂಪ್ ಕಂಡ ಲ್ಯಾಬ್‌ಗೆ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ, ಅಲ್ಲಿ ನಿಜವಾಗಿ ರಿಫ್ಲಕ್ಸ್ (ಆವಿಯನ್ನು ತಣಿಸಿ ಮತ್ತೆ ಫ್ಲಾಸ್ಕ್‌ಗೇ ಇಳಿಸುತ್ತಾ ಕುದಿಸುವುದು) ನಡೆಯುತ್ತದೆ. ಒಂದು ತಮಾಷೆ: ಗ್ಲೇಸಿಯಲ್ ಅಸೆಟಿಕ್ ಆಸಿಡ್ 16.6 ಡಿಗ್ರಿಗೆ ಗಟ್ಟಿಯಾಗುತ್ತದೆ ಅಂತ ಪುಸ್ತಕದಲ್ಲಿ ಓದುತ್ತೀರಿ. ನಮ್ಮ ಕಡೆ ಅದನ್ನು ನೋಡಬೇಕಾದರೆ ಫ್ರಿಜ್‌ನಲ್ಲೇ ಇಡಬೇಕು.

ಕೊನೆಗೆ ಎರಡನೇ ವರ್ಷದ ಎರಡು ಮೂರು ಜನರ ರೆಕಾರ್ಡ್ ಬುಕ್ ಕೇಳಿ ತಿರುವಿ ಹಾಕಿ. ಎಲ್ಲರ ಮೆಲ್ಟಿಂಗ್ ಪಾಯಿಂಟ್ ಕರಾರುವಾಕ್ಕಾಗಿ 114, 122, 135 ಇದ್ದರೆ ಅದು ಪುಸ್ತಕದಿಂದ ಇಳಿಸಿದ್ದು. ಒಬ್ಬಳದು 111, ಇನ್ನೊಬ್ಬನದು 113, ಪಕ್ಕದಲ್ಲಿ ಮೇಷ್ಟ್ರ ಕೆಂಪು ಪೆನ್ನಿನಲ್ಲಿ "ಒಣಗಿಲ್ಲ" ಅಂತ ಬರೆದಿದ್ದರೆ ಆ ಕಾಲೇಜಿಗೆ ಕಣ್ಣು ಮುಚ್ಚಿಕೊಂಡು ಸೇರಿ. ಪ್ರಾಕ್ಟಿಕಲ್ ತೆಗೆದುಕೊಳ್ಳುವವರು ಕಾಯಂ ಇದ್ದಾರೋ, ಅತಿಥಿ ಉಪನ್ಯಾಸಕರೋ ಅಂತಲೂ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಕಲಿಸುವವರಿದ್ದಾರೆ. ಆದರೆ ಅವರ ನೇಮಕ ತಡವಾದ ವರ್ಷ ಮೊದಲು ಕುತ್ತು ಬರುವುದು ಪ್ರಾಕ್ಟಿಕಲ್‌ಗೇ.

ಊರು, ಬಸ್ಸು, ಮೀಸಲಾತಿ

ಪ್ರಾಕ್ಟಿಕಲ್ ಮಧ್ಯಾಹ್ನ ಎರಡಕ್ಕೆ ಶುರುವಾದರೆ ಮುಗಿಯುವುದು ಐದೂವರೆ, ಆರು. ಸಿರುಗುಪ್ಪ, ದೇವದುರ್ಗ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಓಡಾಡುವವರು ಕೊನೆಯ ಬಸ್ಸಿಗಾಗಿ ನಾಲ್ಕೂವರೆಗೇ ಎದ್ದು ಹೋಗುತ್ತಾರೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳಿದಿದೆ, ಬಸ್ಸಿನ ಟೈಮ್ ಮಾತ್ರ ಬದಲಾಗಿಲ್ಲ. ಹರಳು ತಣಿಯುವ ಹೊತ್ತಿಗೆ ನೀವು ಬಸ್ ಸ್ಟ್ಯಾಂಡ್‌ನಲ್ಲಿದ್ದರೆ ಮೂರು ವರ್ಷದಲ್ಲಿ ಒಂದು ಮೆಲ್ಟಿಂಗ್ ಪಾಯಿಂಟ್ ಕೂಡ ಸ್ವಂತವಾಗಿ ನೋಡಿರುವುದಿಲ್ಲ. ಹಾಗಾಗಿ ದೂರದಿಂದ ಓಡಾಡುವವರು ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ ಹಾಕಿಯೇ ಸೇರುವುದು ಒಳ್ಳೆಯದು. ಅಥವಾ ಹತ್ತಿರದ ಸಣ್ಣ ಕಾಲೇಜಿನಲ್ಲೇ ಇರಿ. ಹದಿನೈದು ಜನರ ಕ್ಲಾಸ್‌ನಲ್ಲಿ ಫ್ಲಾಸ್ಕ್ ನಿಮ್ಮ ಕೈಗೆ ಬಂದೇ ಬರುತ್ತದೆ. ಜಿಲ್ಲಾ ಕೇಂದ್ರದ ದೊಡ್ಡ ಹೆಸರಿನ ಕಾಲೇಜಿನಲ್ಲಿ ಅರವತ್ತು ಜನರ ನಡುವೆ ಅದಕ್ಕಾಗಿ ಜಗಳ ಆಡಬೇಕಾಗುತ್ತದೆ.

371(ಜೆ) ಪ್ರಮಾಣಪತ್ರ ಮರೆಯಬೇಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಬಿ.ಫಾರ್ಮ ಸೀಟಿಗೆ, ಬೆಂಗಳೂರಿನ ಕೆಮಿಕಲ್ ಎಂಜಿನಿಯರಿಂಗ್ ಸೀಟಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ಫಲಿತಾಂಶ ಬಂದ ಮೇಲೆ ಕಚೇರಿಯಲ್ಲಿ ಜಾತ್ರೆ ಇರುತ್ತದೆ, ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮುಗಿದ ಮೇಲೆ ಏನು?

ಆರ್ಗ್ಯಾನಿಕ್ ಗೊತ್ತಿರುವವರಿಗೆ ನಮ್ಮ ಮೂರು ಜಿಲ್ಲೆಗಳಲ್ಲಿ ರಾಯಚೂರೇ ಅನುಕೂಲದ ಊರು. ಕ್ಯಾನ್ಸರ್ ಔಷಧಿಗಳ ಬಲ್ಕ್ ಡ್ರಗ್ (ಮಾತ್ರೆ, ಇಂಜೆಕ್ಷನ್‌ಗೆ ಬೇಕಾದ ಮೂಲ ಔಷಧಿ ವಸ್ತು) ತಯಾರಿಸುವ ಶಿಲ್ಪಾ ಮೆಡಿಕೇರ್ ಅಲ್ಲಿಯದೇ, 1987ರಲ್ಲಿ ಶುರುವಾದದ್ದು. ರೈಲು ಹತ್ತಿದರೆ 200 ಕಿಲೋಮೀಟರ್ ಆಸುಪಾಸಿನಲ್ಲಿ ಹೈದರಾಬಾದ್, ಅದರ ಸುತ್ತ ಜೀಡಿಮೆಟ್ಲ, ಪಾಶಮೈಲಾರಂನ ಔಷಧಿ ಕಾರ್ಖಾನೆಗಳು. ಬಳ್ಳಾರಿ ಕಡೆಯವರು ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯ ಲ್ಯಾಬ್ ನೆನೆಯುತ್ತಾರೆ. ಅಲ್ಲಿನ ಕೆಲಸ ಅದಿರು, ಕಲ್ಲಿದ್ದಲು, ಉಕ್ಕಿನ ಪರೀಕ್ಷೆ. ಅಲ್ಲಿ ಟೈಟ್ರೇಷನ್ ಮತ್ತು ಉಪಕರಣ ಗೊತ್ತಿದ್ದವರಿಗೆ ಬೆಲೆ.

ಬರೀ ಬಿ.ಎಸ್ಸಿ ಇಟ್ಟುಕೊಂಡು ಔಷಧಿ ಕಂಪನಿಗೆ ಹೋದರೆ ಪ್ರೊಡಕ್ಷನ್ ಅಥವಾ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷಿಸುವ ವಿಭಾಗ) ಟ್ರೈನೀ ಕೆಲಸ, ಶಿಫ್ಟ್ ಡ್ಯೂಟಿ. ಬಿ.ಫಾರ್ಮದವರಿಗೂ ಬಾಗಿಲು ಅದೇ, ಜೊತೆಗೆ ಮೆಡಿಕಲ್ ಶಾಪ್, ಆಸ್ಪತ್ರೆ, ಸರ್ಕಾರಿ ಫಾರ್ಮಸಿ ಹುದ್ದೆಯ ದಾರಿಯೂ ತೆರೆದಿರುತ್ತದೆ. ಹೊಸ ವಸ್ತು ತಯಾರಿಸುವ ಆರ್ ಅಂಡ್ ಡಿ ಕೋಣೆಗೆ ಕಾಲಿಡಬೇಕಾದರೆ ಎಂ.ಎಸ್ಸಿ ಆರ್ಗ್ಯಾನಿಕ್ ಬೇಕು, ಅದಕ್ಕೆ ಬಿ.ಎಸ್ಸಿಯೇ ನೇರ ಮೆಟ್ಟಿಲು. ಬಳ್ಳಾರಿ, ಕಲಬುರಗಿ, ಧಾರವಾಡದ ವಿವಿಗಳಿವೆ, ಜಾಮ್ ಬರೆದರೆ ಐಐಟಿಗಳಿವೆ. ಒಟ್ಟು ಐದು ವರ್ಷ. ಬಿ.ಎಸ್ಸಿ ಮೂರು ವರ್ಷದಲ್ಲಿ ಲ್ಯಾಬ್ ಗಂಟೆ ಕಡಿಮೆ ಅಂದೆನಲ್ಲ, ಎಂ.ಎಸ್ಸಿ ಎರಡು ವರ್ಷ ಆ ಕೊರತೆಯನ್ನು ಬಡ್ಡಿ ಸಮೇತ ತೀರಿಸುತ್ತದೆ.

ಹಾಗಾಗಿ ನನ್ನನ್ನು ಕೇಳಿದರೆ, ಮನೆಯಲ್ಲಿ ಐದು ವರ್ಷ ಕಾಯುವ ತ್ರಾಣ ಇದ್ದು, ಮಗುವಿಗೆ ಬೇರೇನೂ ಬೇಡ, ಕೆಮಿಸ್ಟ್ರಿಯೇ ಬೇಕು ಅಂದರೆ ಬಿ.ಎಸ್ಸಿ. ನಾಲ್ಕು ವರ್ಷಕ್ಕೆ ದುಡಿಮೆ ಶುರುವಾಗಬೇಕು, ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟ್ ಸಿಗುತ್ತದೆ ಅಂದರೆ ಬಿ.ಫಾರ್ಮ. ಬಿ.ಎಸ್ಸಿ ಮಾಡಿ ಅಲ್ಲಿಗೇ ನಿಲ್ಲಿಸುವ ಯೋಚನೆ ಇದ್ದರೆ ಬಿ.ಫಾರ್ಮ ಅದಕ್ಕಿಂತ ಮೇಲು.

ಎರಡಕ್ಕೂ ಅರ್ಜಿ ಹಾಕಿ. ಬಿ.ಎಸ್ಸಿಗೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಪಿಯು ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಅವಕಾಶ ಸಿಗುತ್ತದೆ. ಫಾರ್ಮಸಿ ಕೌನ್ಸೆಲಿಂಗ್ ಅದಕ್ಕಿಂತ ಎಷ್ಟೋ ತಡ, ಕೆಲವು ವರ್ಷ ಬಿ.ಎಸ್ಸಿ ಕ್ಲಾಸ್ ಶುರುವಾದ ಮೇಲೂ ನಡೆಯುತ್ತದೆ. ಅಲ್ಲಿಯವರೆಗೆ ಬಿ.ಎಸ್ಸಿ ಸೀಟ್ ಹಿಡಿದಿಟ್ಟುಕೊಳ್ಳಿ. ಟಿಸಿ ಮತ್ತು ಅಂಕಪಟ್ಟಿಯ ಮೂಲ ಪ್ರತಿ ಕಾಲೇಜಿಗೆ ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಮಾಡಿಸಿ ದೃಢೀಕರಿಸಿಟ್ಟುಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಮೂಲ ದಾಖಲೆ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ, ಫೀಸ್‌ನಲ್ಲಿ ಎಷ್ಟು ಹಿಡಿಯುತ್ತೀರಿ ಅಂತ ಸೇರುವ ದಿನವೇ ಆಫೀಸಿನಲ್ಲಿ ಕೇಳಿ, ರಸೀದಿ ಜೋಪಾನ ಮಾಡಿ.